ಆ ರಾತ್ರಿ ಬಂದ ಫೋನು

ಪ್ರೀತಿಯ ಪುಟ್ಟಿ,

ನಮ್ಮ ರೂಮಿನ ಕಪಾಟಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ಒಂದು ಶೂ ಡಬ್ಬಿ ಇದೆ. ನಿನ್ನ ಹೆಸರಿಗೇ ಬಂದದ್ದು. ಹೋದ ಗುರುವಾರ ನೀನು ಬಾಸ್ಕೆಟ್‌ಬಾಲ್ ಪ್ರಾಕ್ಟೀಸಿಗೆ ಹೋಗಿದ್ದಾಗ ಬಂತು. ನಾನೇ ತೆಗೆದು ನೋಡಿದೆ. ತೆಳು ಕಾಗದದಲ್ಲಿ ಸುತ್ತಿದ ಬಿಳಿ ಶೂ, ಸರಿಯಾಗಿ ನಿನ್ನದೇ ಸೈಜು, ಎಂಟೂವರೆ. ಹೊಸ ರಬ್ಬರಿನ ವಾಸನೆ ರೂಮಿಗೆಲ್ಲ ಹರಡಿತು. ಆಮೇಲೆ ಮುಚ್ಚಿ, ನಿನಗೆ ಕಾಣದ ಹಾಗೆ ಮೇಲಿಟ್ಟೆ. ಆರು ದಿನ ಆಯಿತು. ಬಾಯಲ್ಲಿ ಹೇಳಲು ಹೋದರೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಈ ಕಾಗದ. ಕನ್ನಡ ಓದೋಕೆ ನಿನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಿಡಿಯಲಿ, ನಿಧಾನವಾಗಿ ಓದು.

ಡಬ್ಬಿ ಬಂದ ರಾತ್ರಿಯೇ ಒಂದು ಫೋನು ಬಂತು. ಕ್ಲಬ್ಬಿನ ಸುತ್ತಮುತ್ತ ಓಡಾಡುವವರೊಬ್ಬರು. ಯಾರು ಅಂತ ಎದುರಿಗೇ ಹೇಳುತ್ತೇನೆ. ನಿನ್ನ ಆಟವನ್ನು ತುಂಬಾ ಹೊಗಳಿದರು. ಬೇಸಿಗೆಗೆ ಶೂ ಕಂಪನಿಯ ಸರ್ಕ್ಯೂಟ್, ಅಂದರೆ ಅವರೇ ನಡೆಸುವ ಟೂರ್ನಮೆಂಟ್ ಸರಣಿ, ಅದರ ಟೀಮಿಗೆ ಸೇರಿಸಿ, ಪ್ರಯಾಣ, ಹೋಟೆಲು, ಬಟ್ಟೆ, ಶೂ ಎಲ್ಲ ಅವರದ್ದೇ ಅಂದರು. ಮುಂದೆ ಕಾಲೇಜು ಆರಿಸುವಾಗ ಅದೇ ಕಂಪನಿಯ ಜೊತೆ ಒಪ್ಪಂದ ಇರುವ ಕಾಲೇಜಾದರೆ ಎಲ್ಲರಿಗೂ ಒಳ್ಳೆಯದು, ನಿಮ್ಮ ಮನೆಗೂ ಏನಾದರೂ ಮಾಡಬಹುದು ಅಂದರು. ಕೊನೆಗೆ, ‘ಇದು ನಮ್ಮನಮ್ಮಲ್ಲೇ ಇರಲಿ, ಅವಳ ತಲೆಗೆ ಯಾಕೆ ಹಾಕೋದು’ ಅಂದರು.

ನಾನು ಹೂಂ ಅಂದುಬಿಟ್ಟೆ ಮಗಳೇ. ನನ್ನನ್ನು ಆರು ದಿನದಿಂದ ಕೊರೆಯುತ್ತಿರುವುದು ಆ ಹೂಂ.

ಯಾಕೆ ಅಂದೆ ಅಂತ ಯೋಚಿಸಿದೆ. ಮೈಸೂರಿನಲ್ಲಿ ಕಾಲೇಜ್ ಟೀಮಿಗೆ ಆಡುವಾಗ ನನ್ನ ಹತ್ತಿರ ಇದ್ದದ್ದು ಒಂದೇ ಜೊತೆ ಕ್ಯಾನ್ವಾಸ್ ಶೂ. ಸಿಮೆಂಟ್ ಕೋರ್ಟಿನಲ್ಲಿ ಓಡಿ ಓಡಿ ಹೆಬ್ಬೆರಳ ಕೆಳಗೆ ಸೋಲು ತೂತು ಬಿದ್ದಿತ್ತು. ಟೂರ್ನಮೆಂಟಿಗೆ ಮುಂಚೆ ನಿನ್ನ ತಾತ ಹಳೇ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಒಳಗೆ ಇಟ್ಟುಕೊಡುತ್ತಿದ್ದರು. ಎರಡು ಮ್ಯಾಚಿಗೆ ಅದೂ ಬೆವರಿಗೆ ನೆನೆದು ಮುದ್ದೆ ಆಗುತ್ತಿತ್ತು. ಆ ಬಿಳಿ ಶೂ ಕೈಯಲ್ಲಿ ಹಿಡಿದಾಗ ನನಗೆ ಅದೇ ನೆನಪಾಯಿತು. ಕೊಡುವವರು ಕೊಡಲಿ ಬಿಡು ಅನ್ನಿಸಿತು.

ಫೋನ್ ಇಟ್ಟ ಮೇಲೆ ಬ್ರಯನ್ ಬೋವೆನ್ ಅನ್ನುವ ಹುಡುಗ ನೆನಪಾದ. ನಾವು ಅಮೆರಿಕಕ್ಕೆ ಬಂದದ್ದು 2017ರಲ್ಲಿ, ನೀನು ಮೂರನೇ ಕ್ಲಾಸು. ಆ ಸೆಪ್ಟೆಂಬರಿನಲ್ಲಿ ಕಾಲೇಜ್ ಬಾಸ್ಕೆಟ್‌ಬಾಲಿನ ಲಂಚದ ಕೇಸಿನಲ್ಲಿ ಎಫ್‌ಬಿಐ ಹತ್ತು ಜನರನ್ನು ಹಿಡಿಯಿತು. ಅವರಲ್ಲಿ ನಾಲ್ವರು ದೊಡ್ಡ ದೊಡ್ಡ ಕಾಲೇಜುಗಳ ಸಹಾಯಕ ಕೋಚ್‌ಗಳು. ಒಬ್ಬ ಅಡಿಡಾಸ್‌ನ ದೊಡ್ಡ ಅಧಿಕಾರಿ, ಜೇಮ್ಸ್ ಗ್ಯಾಟೊ. ಮಿಷಿಗನ್ನಿನ ಈ ಬೋವೆನ್ ಲೂಯಿವಿಲ್ ಕಾಲೇಜಿಗೆ ಸೇರಲಿ ಎಂದು ಅವನ ಮನೆಯವರಿಗೆ 1 ಲಕ್ಷ ಡಾಲರ್ ಕೊಡುವ ಮಾತಾಗಿತ್ತು. ಲೂಯಿವಿಲ್ ಅಡಿಡಾಸ್ ಕಾಲೇಜು. ಎಫ್‌ಬಿಐ ಹಿಡಿಯುವುದಕ್ಕೆ ಒಂದು ತಿಂಗಳ ಹಿಂದಷ್ಟೇ ಆ ಕಾಲೇಜು ಅಡಿಡಾಸ್ ಜೊತೆ ಹತ್ತು ವರ್ಷಕ್ಕೆ 16 ಕೋಟಿ ಡಾಲರ್ ಒಪ್ಪಂದ ಘೋಷಿಸಿತ್ತು. ಹುಡುಗ ಅಡಿಡಾಸ್‌ನ ಮೂರು ಪಟ್ಟಿಯ ಜರ್ಸಿಯಲ್ಲಿ ಆಡಬೇಕು, ಮುಂದೆ ವೃತ್ತಿಪರರ ಲೀಗ್ ಎನ್‌ಬಿಎಗೆ ಹೋದಾಗ ಅದೇ ಕಂಪನಿಗೆ ಸಹಿ ಹಾಕಬೇಕು. ಲೆಕ್ಕ ಅಷ್ಟೇ.

ಹೇಳಿದ ದುಡ್ಡಿನಲ್ಲಿ ಒಂದು ಪಾಲು ಮಾತ್ರ ಅಪ್ಪನ ಕೈಗೆ ಬಂತು. ತನಗೆ ಇದ್ಯಾವುದೂ ಗೊತ್ತಿರಲಿಲ್ಲ ಎಂದು ಹುಡುಗ ಹೇಳಿದ. ಆದರೆ ಆಟ ನಿಂತದ್ದು ಅವನದ್ದು. ಲೂಯಿವಿಲ್ ಅವನನ್ನು ಆಡಿಸಲಿಲ್ಲ. ಸೌತ್ ಕ್ಯಾರೊಲಿನಾ ಕಾಲೇಜಿಗೆ ಹೋದ, ಅಲ್ಲೂ ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಒಪ್ಪಲಿಲ್ಲ. ಒಂದೇ ಒಂದು ಕಾಲೇಜ್ ಮ್ಯಾಚ್ ಆಡದೆ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಟೀಮಿಗೆ ಹೋಗಬೇಕಾಯಿತು. 2018ರ ಅಕ್ಟೋಬರಿನಲ್ಲಿ ಅವನ ಅಪ್ಪ ನ್ಯೂಯಾರ್ಕಿನ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾ ಕಟಕಟೆಯಲ್ಲೇ ಅತ್ತುಬಿಟ್ಟರು. ಅದನ್ನು ಓದಿದಾಗ, ಎಂಥ ಅಪ್ಪ ಅಂತ ನಿನ್ನ ಅಪ್ಪನ ಎದುರು ಬೈದಿದ್ದೆ. ಈಗ ನಾನೂ ಒಂದು ಹೂಂ ಅಂದು ಕೂತಿದ್ದೇನೆ. ನಮ್ಮ ಹತ್ತಿರದ ರಾಲಿಯ ಎನ್‌ಸಿ ಸ್ಟೇಟ್ ಕಾಲೇಜಿನ ಹೆಸರೂ ಆ ಕೇಸಿನಲ್ಲಿ ಬಂದಿತ್ತು, ಆದ್ದರಿಂದ ಇದು ಎಲ್ಲೋ ದೂರದ ಕತೆ ಅಂದುಕೊಳ್ಳಬೇಡ.

ಇದು ಶುರುವಾದದ್ದು ಹೇಗೆ ಅನ್ನುವುದೂ ನಿನಗೆ ಗೊತ್ತಿರಲಿ. 1970ರ ದಶಕದ ಕೊನೆಗೆ ಸನ್ನಿ ವಕಾರೊ ಅನ್ನುವವರು ನೈಕಿಗೆ ಒಂದು ದಾರಿ ತೋರಿಸಿದರು. ಕಾಲೇಜ್ ಕೋಚ್‌ಗಳಿಗೆ ದುಡ್ಡು ಕೊಡಿ, ಶೂ ಪುಕ್ಕಟೆ ಕೊಡಿ, ಅವರ ಹುಡುಗರು ಟಿವಿಯಲ್ಲಿ ನಿಮ್ಮ ಶೂ ಹಾಕಿ ಓಡುತ್ತಾರೆ. ಕೋಚ್‌ಗಳಿಗೆ ಚೆಕ್ ಬಂತು. ಆಮೇಲೆ ಕಾಲೇಜಿಗೇ ಬಂತು. ಆಮೇಲೆ ಕಂಪನಿಗಳು ಇನ್ನೂ ಕೆಳಗಿಳಿದು ಹೈಸ್ಕೂಲ್ ಮಕ್ಕಳ ಕ್ಯಾಂಪು, ಬೇಸಿಗೆಯ ಕ್ಲಬ್ ಟೀಮುಗಳವರೆಗೂ ಬಂದವು. ಈಗ ನೈಕಿ, ಅಡಿಡಾಸ್, ಅಂಡರ್ ಆರ್ಮರ್ ಮೂರಕ್ಕೂ ತಮ್ಮ ತಮ್ಮ ಸರ್ಕ್ಯೂಟ್ ಇದೆ. ಕಾಲೇಜ್ ಕೋಚ್‌ಗಳು ಬಂದು ಕೂರುವುದು ಅಲ್ಲೇ. ಒಳ್ಳೆಯ ಎದುರಾಳಿ ಸಿಗುವುದೂ ಅಲ್ಲೇ. ಅದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅಷ್ಟು ದೊಡ್ಡ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಕೂಡ ನೈಕಿ ಸರ್ಕ್ಯೂಟಿನಲ್ಲಿ ಆಡಿ ಬೆಳೆದವಳೇ.

ಇಷ್ಟೆಲ್ಲ ದುಡ್ಡು ಓಡಾಡುವಾಗ ಆಡುವವರಿಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಡ್ಯೂಕ್ ಕಾಲೇಜಿನ ಜಯಾನ್ ವಿಲಿಯಮ್ಸನ್ ಬಿದ್ದದ್ದು ನಿನಗೆ ನೆನಪಿದೆ ಅಲ್ವಾ? 2019ರ ಫೆಬ್ರವರಿ, ಡ್ಯೂಕ್ ಮತ್ತು ನಾರ್ತ್ ಕ್ಯಾರೊಲಿನಾ ಮ್ಯಾಚು. ನೀನು ಸೋಫಾ ಮೇಲೆ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದೆ. ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಅವನು ತಿರುಗಲು ಎಡಗಾಲು ಊರಿದ, ಶೂ ಬದಿಯಲ್ಲಿ ಪರ್ರನೆ ಹರಿದು ಪಾದ ಪೂರ್ತಿ ಹೊರಗೆ ಬಂತು. ಮೊಣಕಾಲು ಹಿಡಿದು ಕೂತ. ‘ಅಮ್ಮ, ಅವನು ಬೇರೆ ಶೂ ಹಾಕ್ಕೋಬಾರದಿತ್ತಾ?’ ಅಂತ ಕೇಳಿದೆ. ಹಾಕುವ ಹಾಗಿರಲಿಲ್ಲ. ಡ್ಯೂಕ್ ನೈಕಿ ಕಾಲೇಜು. ಆ ಶೂ ಹಾಕಿದ್ದಕ್ಕೆ ದುಡ್ಡು ಬಂದದ್ದು ಕಾಲೇಜಿಗೆ, ಊದಿಕೊಂಡದ್ದು ಅವನ ಮೊಣಕಾಲು. ನಿನ್ನ ಆ ಪ್ರಶ್ನೆ ನನಗೆ ಇವತ್ತಿಗೂ ಮರೆತಿಲ್ಲ.

2021ರ ಜುಲೈನಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಇದು ಒಳ್ಳೆಯದೇ, ಬಹಳ ತಡವಾಗಿ ಬಂತು. ಹುಡುಗಿಯರ ಕಡೆಗೂ ಕಂಪನಿಗಳ ಕಣ್ಣು ಈಗ ಬಿದ್ದಿದೆ. 2024ರ ಮಹಿಳೆಯರ ಕಾಲೇಜ್ ಫೈನಲ್ ನೋಡಿದವರು ಸುಮಾರು 1.89 ಕೋಟಿ ಜನ, ಗಂಡುಹುಡುಗರ ಫೈನಲ್‌ಗಿಂತ ಜಾಸ್ತಿ. ನಿನಗೆ ಡಬ್ಬಿ ಬಂದದ್ದರ ಹಿಂದೆ ಅದೂ ಇದೆ.

ಆದರೆ ನಿನ್ನ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಿನ್ನ ಜೊತೆ ಆಡುವ ಹುಡುಗಿಯರಿಗೆ ಅದು ಇಲ್ಲ. ಅಪ್ಪನದ್ದು ಹೆಚ್-1ಬಿ, ಕೆಲಸದ ವೀಸಾ; ನಿನ್ನದು ಹೆಚ್-4, ಅಪ್ಪನ ವೀಸಾದ ಮೇಲೆ ಬಂದದ್ದು. ಗ್ರೀನ್ ಕಾರ್ಡ್ ಸಾಲು ಎಲ್ಲಿಗೆ ಬಂದಿದೆ ಅಂತ ನಿನಗೂ ಗೊತ್ತು. ಹೆಚ್-4ರಲ್ಲಿ ಇರುವ ಮಕ್ಕಳು ಇಲ್ಲಿ ದುಡಿಯುವ ಹಾಗಿಲ್ಲ. ಮುಂದೆ ಸ್ಟೂಡೆಂಟ್ ವೀಸಾಕ್ಕೆ ಬದಲಾದರೂ ಶೂ ಜಾಹೀರಾತಿಗೆ ನಿಂತು ದುಡ್ಡು ತಗೊಳ್ಳುವುದು ಅಪಾಯದ ಕೆಲಸ. ಫೋನ್ ಮಾಡಿದವರಿಗೆ ಇದರ ಪರಿವೆಯೇ ಇರಲಿಲ್ಲ. ನಾಳೆ ತೊಂದರೆ ಆದರೆ ಅವರು ಇನ್ನೊಬ್ಬ ಹುಡುಗಿಯ ಮನೆಗೆ ಫೋನ್ ಮಾಡುತ್ತಾರೆ, ನಮ್ಮ ಗತಿ ಏನು? ವಕೀಲರನ್ನು ಕೇಳದೆ ಒಂದು ಡಾಲರನ್ನೂ ಮುಟ್ಟುವುದು ಬೇಡ. ಈ ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ.

ಇನ್ನು ಕಾಲೇಜು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಕಾಲೇಜು 2016ರಲ್ಲಿ ಅಂಡರ್ ಆರ್ಮರ್ ಜೊತೆ 15 ವರ್ಷಕ್ಕೆ 28 ಕೋಟಿ ಡಾಲರ್ ಒಪ್ಪಂದ ಮಾಡಿತ್ತು. 2020ರಲ್ಲಿ ಕಂಪನಿ ಹಿಂದೆ ಸರಿಯಿತು. ಆ ಶೂ ನೋಡಿ ಯಾರಾದರೂ ಅಲ್ಲಿಗೆ ಸೇರಿದ್ದರೆ, ಶೂ ಹೋಯಿತು, ಕ್ಲಾಸು, ಹಾಸ್ಟೆಲು, ಕೋಚು ಉಳಿದವು. ನಿನಗೆ ಬಯಾಲಜಿ ಇಷ್ಟ. ಸಿಟ್ಟಲ್ಲಿ ಕೂಗುವ ಕೋಚ್ ಎದುರು ನೀನು ಮುದುಡಿಕೊಳ್ಳುತ್ತೀಯ, ಸಮಾಧಾನವಾಗಿ ಹೇಳಿದರೆ ಎರಡು ಪಟ್ಟು ಆಡುತ್ತೀಯ. ನನಗೆ ಗೊತ್ತಿರುವುದು ಇಷ್ಟು. ಉಳಿದದ್ದು ನಿನಗೆ ಗೊತ್ತು.

ಶೂ ಹಾಕಿಕೊಳ್ಳಬೇಕಾ, ವಾಪಸ್ ಕಳಿಸಬೇಕಾ, ನೀನೇ ಹೇಳು. ಕ್ಲಬ್ಬಿನವರು ಎಲ್ಲ ಹುಡುಗಿಯರಿಗೂ ಕೊಡುತ್ತಿರುವ ಶೂ ಇದಾದರೆ ನನ್ನ ತಕರಾರಿಲ್ಲ. ನಿನಗೊಬ್ಬಳಿಗೇ ಬಂದದ್ದಾದರೆ, ಯಾರು ಕಳಿಸಿದರು, ಯಾಕೆ ಕಳಿಸಿದರು ಅಂತ ಮೊದಲು ಕೇಳಬೇಕು. ಸರ್ಕ್ಯೂಟ್ ಟೀಮಿಗೆ ಸೇರುವುದಕ್ಕೂ ಅಷ್ಟೇ.

ಅಪ್ಪನಿಗೆ ನಿನ್ನೆ ರಾತ್ರಿ ಎಲ್ಲ ಹೇಳಿದೆ. ಮೊದಲು ಸಿಟ್ಟಾದರು, ಆಮೇಲೆ ಈ ಕಾಗದ ಬರೆಯಲು ಪೆನ್ನು ಅವರೇ ತಂದುಕೊಟ್ಟರು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಆ ವ್ಯಕ್ತಿಗೆ ಫೋನ್ ಮಾಡುತ್ತೇನೆ. ಅಡುಗೆಮನೆ ಟೇಬಲ್ ಮೇಲೆ ಸ್ಪೀಕರ್ ಹಾಕಿ ಇಡುತ್ತೇನೆ. ಮಗಳೂ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ಮೊದಲೇ ಹೇಳಿಬಿಡುತ್ತೇನೆ. ನೀನು ನನ್ನ ಪಕ್ಕದಲ್ಲಿ ಕೂತಿರು. ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೋ.

ಇಂತಿ,
ನಿನ್ನ ಅಮ್ಮ