ಶನಿವಾರದ ವೆಂಡ್‌ಲಾಂಡ್ ಪ್ರವಾಸ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ವೆಂಡ್‌ಲಾಂಡ್ ಪ್ರದೇಶದ ಲ್ಯೂಶೋ-ಡಾನೆನ್‌ಬೆರ್ಗ್ ಜಿಲ್ಲೆಗೆ ಹೋಗೋದು ಖಚಿತವಾಯಿತು. ಶನಿವಾರ ಬೆಳಗ್ಗೆ 8ಕ್ಕೆ ಹ್ಯಾಂಬರ್ಗ್ ಮುಖ್ಯ ನಿಲ್ದಾಣದಲ್ಲಿ ಸೇರೋಣ. ಲ್ಯೂನೆಬುರ್ಗ್‌ನಲ್ಲಿ ಇಳಿದು ಡಾನೆನ್‌ಬೆರ್ಗ್ ರೈಲು ಹಿಡಿಯಬೇಕು. ಜಿಲ್ಲಾಕೇಂದ್ರ ಲ್ಯೂಶೋಗೆ ಪ್ರಯಾಣಿಕರ ರೈಲಿಲ್ಲ, ಡಾನೆನ್‌ಬೆರ್ಗ್‌ನಿಂದ ಮುಂದೆ ವ್ಯಾನ್.

ಇಡೀ ಜರ್ಮನಿಯಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ ಇದು, ಸುಮಾರು 50,000 ಅಷ್ಟೇ. ದೇಶ ಎರಡಾಗಿದ್ದಾಗ ಮೂರು ಕಡೆಯೂ ಪೂರ್ವ ಜರ್ಮನಿ ಸುತ್ತುವರಿದಿತ್ತು. ಒಂದು ಕಡೆ ಎಲ್ಬೆ ನದಿಯೇ ಗಡಿ. 1945ರಲ್ಲಿ ಬಾಂಬ್ ಬಿದ್ದು ಮುರಿದ ಡ್ಯೋಮಿಟ್ಸ್ ರೈಲು ಸೇತುವೆಯ ಕಮಾನುಗಳು ಈ ಜಿಲ್ಲೆಯ ಕಡೆಯ ದಡದಲ್ಲಿ ಇನ್ನೂ ನಿಂತಿವೆ, ತಪ್ಪದೆ ನೋಡೋಣ.

ಲ್ಯೂಬೆಲ್ನ್ ಊರಿಗೆ ಜಾಸ್ತಿ ಸಮಯ ಇಟ್ಟಿದ್ದೇವೆ. ನಡುವೆ ದುಂಡನೆಯ ಬಯಲು, ಸುತ್ತ ಮರದ ಚೌಕಟ್ಟಿನ ಮನೆಗಳು, ಎಲ್ಲದರ ಮುಖವೂ ಬಯಲಿನ ಕಡೆಗೇ. ಅವು ಜನ ವಾಸಿಸುವ ಮನೆಗಳು, ದಯವಿಟ್ಟು ಅಂಗಳಕ್ಕೆ ನುಗ್ಗಬೇಡಿ.

ಬುತ್ತಿ, ನೀರು ತನ್ನಿ. ಎಷ್ಟು ಜನ, ಮಕ್ಕಳೆಷ್ಟು ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ವ್ಯಾನ್‌ನವರಿಗೆ ಹೇಳಬೇಕು.