ಅಜಲನ್ನೂ ಕರ್ತವ್ಯ ಅಂತಲೇ ಕರೆದಿದ್ದರು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಕಳೆದ ಡಿಸೆಂಬರ್ 10ಕ್ಕೆ ಉಡುಪಿಯ ಕಾಲೇಜೊಂದರಲ್ಲಿ ನೀವು ಮಾತಾಡಿದಿರಿ. ನಾನು ಕೊನೆಯ ಸಾಲಿನಲ್ಲಿದ್ದೆ. ಮಾನವ ಹಕ್ಕು ಪಶ್ಚಿಮದವರು ನಮ್ಮ ತಲೆಗೆ ಕಟ್ಟಿದ್ದು, ನಮ್ಮ ಮಣ್ಣಿನದ್ದು ಕರ್ತವ್ಯ, ಮೊದಲು ಕರ್ತವ್ಯ ಮಾಡಿ ಆಮೇಲೆ ಹಕ್ಕು ಕೇಳಿ ಅಂದಿರಿ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಏನೂ ಹೇಳದೆ ಎದ್ದು ಬಂದೆ. ಅದು ತಪ್ಪಾಯಿತು ಅಂತ ಅವತ್ತಿನಿಂದ ಅನಿಸುತ್ತಿದೆ. ಅದಕ್ಕೇ ಈ ಪತ್ರ.

ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡಾಗ ವಿಶ್ವಸಂಸ್ಥೆಯಲ್ಲಿ ಇದ್ದದ್ದೇ 58 ದೇಶ. ಪರವಾಗಿ 48 ಮತ ಬಿತ್ತು, 8 ದೇಶ ತಟಸ್ಥವಾಗಿ ಉಳಿದವು, ವಿರೋಧ ಒಂದೂ ಇಲ್ಲ. ಆದರೆ ಆಫ್ರಿಕಾದ ಹೆಚ್ಚಿನ ಭಾಗ ಆ ಸಭೆಯಲ್ಲೇ ಇರಲಿಲ್ಲ. ಎಲ್ಲ ಮನುಷ್ಯರೂ ಸಮಾನರು ಅಂತ ಮತ ಹಾಕಿದ ಬ್ರಿಟನ್, ಫ್ರಾನ್ಸ್ ಆ ಹೊತ್ತಿಗೆ ಅಲ್ಲಿ ಊರಿಗೆ ಊರೇ ಆಳುತ್ತಿದ್ದವು. ಒಂದು ಕಡೆಯ ಅಳತೆಗೋಲು ಎಲ್ಲ ಸಂಸ್ಕೃತಿಗೂ ಹೇಗೆ ಆದೀತು ಅಂತ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೇ 1947ರಲ್ಲಿ ಕೇಳಿತ್ತು. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ತಟಸ್ಥ ಉಳಿದವರಲ್ಲಿ ಯಾರಿದ್ದರು ಅಂತಲೂ ನೋಡಬೇಕು ಅಲ್ವಾ? ಅದೇ ವರ್ಷ ವರ್ಣಭೇದ ನೀತಿಯ ಸರಕಾರ ಬಂದ ದಕ್ಷಿಣ ಆಫ್ರಿಕಾ ಅಲ್ಲಿತ್ತು.

ಇನ್ನು ಇದನ್ನು ಬರೆದವರು ಬರೀ ಬಿಳಿಯರು ಅನ್ನುವುದೂ ಸರಿಯಲ್ಲ. ಚೀನಾದ ಪಿ.ಸಿ. ಚಾಂಗ್ ಇದ್ದರು, ಲೆಬನಾನಿನ ಚಾರ್ಲ್ಸ್ ಮಲಿಕ್ ಇದ್ದರು, ನಮ್ಮ ದೇಶದಿಂದ ಹಂಸಾ ಮೆಹ್ತಾ ಇದ್ದರು. ಕರಡಿನ ಮೊದಲ ಕಲಮಿನಲ್ಲಿ ಗಂಡಸು ಅಂತಲೂ ಓದಬಹುದಾದ ಇಂಗ್ಲಿಷ್ ಪದ ಇತ್ತು. ಮನುಷ್ಯ ಅಂತಲೇ ಅರ್ಥ, ಎಲ್ಲರಿಗೂ ಗೊತ್ತು, ಬಿಡಿ ಅಂದವರಿದ್ದರು. ಹಂಸಾ ಮೆಹ್ತಾ ಬಿಡಲಿಲ್ಲ. ಈ ಪದ ಹೀಗೇ ಉಳಿದರೆ ಹೆಂಗಸರನ್ನು ಹೊರಗಿಡಲು ಅದೇ ನೆಪವಾಗುತ್ತದೆ ಅಂದರು, ಪದ ಬದಲಾಯಿತು. ಆಕೆ ಅಧ್ಯಕ್ಷೆಯಾಗಿದ್ದ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿ ಬೆಳೆಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ನಮ್ಮ ಸಂವಿಧಾನದ ಮೊದಲ ಕರಡು ತಯಾರಿಸಿದ ಬೆನೆಗಲ್ ನರಸಿಂಗ ರಾಯರೂ ಮಂಗಳೂರಿನವರೇ. ಇವರನ್ನೆಲ್ಲ ಹೊರಗಿನವರು ಅಂತ ಹೇಗೆ ಹೇಳುವುದು?

ನೀವು ಗಾಂಧೀಜಿಯ ಹೆಸರನ್ನೂ ತಂದಿರಿ. ಹೌದು, 1947ರಲ್ಲಿ ಮಾನವ ಹಕ್ಕಿನ ಬಗ್ಗೆ ಯುನೆಸ್ಕೋ ಅಭಿಪ್ರಾಯ ಕೇಳಿದಾಗ ಅವರು ಹಾಗೇ ಬರೆದರು. ಕರ್ತವ್ಯವನ್ನು ಚೆನ್ನಾಗಿ ಮಾಡಿದರೆ ಅದರಿಂದಲೇ ಹಕ್ಕು ಹುಟ್ಟುತ್ತದೆ, ಇದನ್ನು ಓದು ಬಾರದ ತನ್ನ ತಾಯಿಯಿಂದ ಕಲಿತೆ ಅಂದರು. ನನಗೂ ಇಷ್ಟವಾದ ಮಾತು. ಆ ಘೋಷಣೆಯ 30 ಕಲಮುಗಳಲ್ಲಿ 29ನೆಯದು ಕರ್ತವ್ಯದ ಬಗ್ಗೆಯೇ ಇದೆ. ಆದರೆ ಗಾಂಧೀಜಿ ಆ ಕರ್ತವ್ಯವನ್ನು ಮೊದಲು ತಮ್ಮ ಮೇಲೆ ಹೇರಿಕೊಂಡರು, ತಮ್ಮ ಪಾಯಿಖಾನೆ ತಾವೇ ತೊಳೆದರು. ವೇದಿಕೆ ಮೇಲೆ ನಿಂತು ಕೆಳಗಿದ್ದವರಿಗೆ ಕರ್ತವ್ಯ ಹೇಳುವುದು ಬೇರೆ. ಮೂಲಭೂತ ಕರ್ತವ್ಯಗಳು ನಮ್ಮ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ. ಜನರ ಹಕ್ಕುಗಳನ್ನು ಅಮಾನತಿನಲ್ಲಿ ಇಟ್ಟಿದ್ದ ಕಾಲ ಅದು.

ಈಗ ನಮ್ಮ ಮನೆಯ ವಿಷಯ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನನಗೆ ಏಳೋ ಎಂಟೋ ವರ್ಷ. ಮನೆಯ ಸಣ್ಣ ಮಗುವಿಗೆ ಜ್ವರ ಬಿಡುತ್ತಲೇ ಇರಲಿಲ್ಲ. ಅಜ್ಜಿ ಮಗುವಿನ ಉಗುರು ಕತ್ತರಿಸಿದರು, ತಲೆಯಿಂದ ನಾಲ್ಕು ಕೂದಲು ತೆಗೆದರು, ಅನ್ನದಲ್ಲಿ ಕಲಸಿದರು. ಬುಟ್ಟಿ ಹೆಣೆದು ಕೊಡುತ್ತಿದ್ದ, ನಮ್ಮ ಕರಾವಳಿಯ ಕೊರಗ ಬುಡಕಟ್ಟಿನ ಅಜ್ಜ ಬಂದು ಹಲಸಿನ ಮರದ ಕೆಳಗೆ ಕುಕ್ಕುರುಗಾಲಲ್ಲಿ ಕೂತರು. ಬಾಳೆ ಎಲೆಯನ್ನು ದೂರದಲ್ಲಿ ಇಟ್ಟು ಅಜ್ಜಿ ಹಿಂದೆ ಸರಿದರು. ಅಜ್ಜ ತಲೆ ಎತ್ತದೆ ತಿಂದರು. ನೀರನ್ನು ಅಜ್ಜಿ ಗೆರಟೆಗೆ ಎತ್ತರದಿಂದ ಹೊಯ್ದರು. ನಾನು ಚಾವಡಿಯ ಕಂಬ ಹಿಡಿದು ನೋಡುತ್ತಿದ್ದೆ. ಪಾಪ, ಅವರು ಯಾಕೆ ತಿನ್ನಬೇಕು ಅಂತ ಕೇಳಿದ್ದಕ್ಕೆ ಅಜ್ಜಿ ಒಂದೇ ಮಾತು ಹೇಳಿದರು: ಅದು ಅವರ ಕರ್ತವ್ಯ, ಹಿಂದಿನಿಂದ ಬಂದದ್ದು.

ನಿಮ್ಮ ಭಾಷಣದಲ್ಲಿ ಆ ಪದ ಬಂದಾಗಲೆಲ್ಲ ನನಗೆ ಆ ಎಲೆ ಕಾಣುತ್ತಿತ್ತು.

ತಿಂದವರಿಗೆ ರೋಗ ದಾಟುತ್ತದೆ ಅಂತ ನಂಬಿ ಕೊರಗರಿಗೆ ಹೀಗೆ ತಿನ್ನಿಸುವ ಪದ್ಧತಿಗೆ ಅಜಲು ಅಂತ ಹೆಸರು, ನಿಮಗೂ ಗೊತ್ತು. 1950ರಲ್ಲೇ ಸಂವಿಧಾನ ಜಾರಿಗೆ ಬಂತು, 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆದರೂ ಅಜಲನ್ನು ನಿಲ್ಲಿಸಲು ಕರ್ನಾಟಕ ಬೇರೆಯೇ ಒಂದು ಕಾಯ್ದೆ ಮಾಡಬೇಕಾಯಿತು, ಅದೂ 2000ನೇ ಇಸವಿಯಲ್ಲಿ. ಆ ಅಜ್ಜನ ಹತ್ತಿರ ಇದ್ದದ್ದು ಬರೀ ಕರ್ತವ್ಯ. ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು, ಸತ್ತ ದನ ಎಳೆಯುವುದು, ಕರೆದಾಗ ಬಂದು ನಮ್ಮ ಮನೆಯ ರೋಗ ತಿನ್ನುವುದು. ಒಂದನ್ನೂ ಅವರು ತಪ್ಪಿಸಲಿಲ್ಲ. ಆಮೇಲೆ ಅವರಿಗೆ ಯಾವ ಹಕ್ಕು ಸಿಕ್ಕಿತು, ನೀವೇ ಹೇಳಿ.

ಪಶ್ಚಿಮದವರು ಬಂದು ಕಲಿಸುವವರೆಗೆ ನಮ್ಮಲ್ಲಿ ಯಾರೂ ಕಾದು ಕೂತಿರಲಿಲ್ಲ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಮಕ್ಕಳಿಗೆ ಶಾಲೆ ತೆರೆದರು, ಅದಕ್ಕಾಗಿ ಸ್ವಂತ ಜಾತಿಯವರಿಂದ ಬಹಿಷ್ಕಾರ ಹಾಕಿಸಿಕೊಂಡರು. ಆ ಮಕ್ಕಳು ಓದಿ, ಕೆಲಸ ಹಿಡಿದು, ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ನನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಅವರು ತೀರಿಕೊಂಡದ್ದು 1928ರಲ್ಲಿ. ಪ್ಯಾರಿಸ್ಸಿನ ಘೋಷಣೆ ಬಂದದ್ದು ಅದಾಗಿ 20 ವರ್ಷಕ್ಕೆ.

ನಮ್ಮ ಕಡೆ ಹಕ್ಕು ಅಂದ ಕೂಡಲೇ ಜನರಿಗೆ ನೆನಪಾಗುವುದು ಹಕ್ಕುಪತ್ರ. ಕಾಲ ಕೆಳಗಿನ ನೆಲ ನನ್ನದು ಅನ್ನುವ ಒಂದು ಕಾಗದ. 1993ರಲ್ಲಿ ಕೊರಗರು ಮಂಗಳೂರಿನಲ್ಲಿ ಭೂಮಿ ಕೇಳಿ ಜಾಥಾ ಮಾಡಿದರು. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಅಂತ ಕೊರಗರ ಸ್ಥಿತಿಗತಿಯ ಬಗ್ಗೆ ಬಂದ ಡಾ. ಮಹಮ್ಮದ್ ಪೀರ್ ವರದಿ ಹೇಳಿತು. ಆ ಅಜ್ಜನ ಮೊಮ್ಮಗಳು ನಮ್ಮೂರಿನ ಕಾಲೊನಿಯಲ್ಲೇ ಇದ್ದಾಳೆ. ಹಕ್ಕುಪತ್ರದ ಅರ್ಜಿ ಹಿಡಿದು ಅವಳು ಕಚೇರಿಗೆ ಅಲೆಯುವುದನ್ನು ನಾನೇ ನೋಡಿದ್ದೇನೆ, ಎರಡು ಸಲ ಜೊತೆಗೂ ಹೋಗಿದ್ದೇನೆ. ಪ್ಲಾಸ್ಟಿಕ್ ಕವರಿನಲ್ಲಿ ರಶೀದಿಗಳನ್ನು ಮಡಚಿ ಮಡಚಿ ಇಟ್ಟಿದ್ದಾಳೆ, ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿದೆ. ನಾಳೆ ಬನ್ನಿ ಅನ್ನುತ್ತಾರೆ.

ಆ ಜಾಥಾದ ನೆನಪಿಗೆ ಆಗಸ್ಟ್ 18ರಂದು ಕೊರಗರು ಭೂಮಿ ಹಬ್ಬ ಮಾಡುತ್ತಾರೆ. ಈ ಸಲ ನಮ್ಮ ಕಾಲೊನಿಗೆ ಬನ್ನಿ. ಭಾಷಣ ಬೇಡ, ಹಾರ ಬೇಡ. ಅವಳ ಮನೆಯ ಜಗಲಿಯಲ್ಲಿ ಕೂತು ಒಂದು ಲೋಟ ಚಾ ಕುಡಿಯಿರಿ, ಆ ಪ್ಲಾಸ್ಟಿಕ್ ಕವರು ಬಿಚ್ಚಿಸಿ ನೋಡಿ. ಬರುವಾಗ ಅವಳ ಫೈಲು ಎಲ್ಲಿ ನಿಂತಿದೆ ಅಂತ ವಿಚಾರಿಸಿಕೊಂಡೇ ಬನ್ನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು