ಸಾಸಿವೆ ಎಣ್ಣೆ ತೆಗೆದರೆ ಬಂಗಾಳಿ ಮೀನಿನ ಸಾರು ಉಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಹೊರರಾಜ್ಯದ ಅಡುಗೆಯನ್ನು ಕನ್ನಡ ಪತ್ರಿಕೆಗಳು ಪರಿಚಯಿಸುತ್ತಿರುವುದು ಒಳ್ಳೆಯದೇ. ಆದರೆ ಬಂಗಾಳಿ ಮೀನಿನ ಸಾರು ಎಂದು ಅಚ್ಚಾಗುವ ಎಷ್ಟೋ ವಿಧಾನಗಳಲ್ಲಿ ಸಾಸಿವೆ ಎಣ್ಣೆಯ ಜಾಗಕ್ಕೆ ಸೂರ್ಯಕಾಂತಿ ಎಣ್ಣೆ ಬಂದಿರುತ್ತದೆ, ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಗರಂ ಮಸಾಲೆ. ಓದುಗರಿಗೆ ಹೊಸ ರುಚಿ ಸಿಗುವುದೇ ಇಲ್ಲ. ಇನ್ನು ಸಾಸಿವೆ ಎಣ್ಣೆಯಲ್ಲೇ ಮಾಡಿದವರು ಘಾಟು, ಕಹಿ ಎಂದು ಒಂದೇ ಸಲಕ್ಕೆ ಕೈಬಿಡುತ್ತಾರೆ. ನಮ್ಮ ಸಿಂಧನೂರು ತಾಲ್ಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿ ಕುಟುಂಬಗಳು ದಶಕಗಳಿಂದ ನೆಲೆಸಿವೆ. ಪಕ್ಕದ ಮನೆಯ ಈ ಊಟ ಸರಿಯಾದ ವಿಧಾನದಲ್ಲಿ ಜನರಿಗೆ ತಲುಪಲಿ ಎಂದು ಈ ಪತ್ರ.

ಮೊದಲು ಎಣ್ಣೆ. ಮೈಗೆ ಹಚ್ಚುವ ಸಾಸಿವೆ ಎಣ್ಣೆಯೂ ಅಂಗಡಿಯಲ್ಲಿರುತ್ತದೆ. ಅದು ಅಡುಗೆಗೆ ಬೇಡ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತಿರುವ, ಸೀಲ್ ಮಾಡಿದ ‘ಕಚ್ಚಿ ಘಾನಿ’, ಅಂದರೆ ಬಿಸಿ ಮಾಡದೆ ಗಾಣದಲ್ಲಿ ಹಿಂಡಿದ ಎಣ್ಣೆಯ ಬಾಟಲಿಯನ್ನೇ ಕೊಳ್ಳಬೇಕು. ಬಿಡಿ ಎಣ್ಣೆ ಬೇಡವೇ ಬೇಡ. 1998ರಲ್ಲಿ ದಿಲ್ಲಿಯಲ್ಲಿ ದತ್ತೂರಿ (ಆರ್ಜಿಮೋನ್) ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಜನ ಸತ್ತಿದ್ದಾರೆ.

ಅರ್ಧ ಕೆಜಿ ರೋಹು ಅಥವಾ ಕಾಟ್ಲಾ ತುಂಡಿಗೆ ಅರ್ಧ ಚಮಚ ಅರಿಶಿನ, ಒಂದು ಚಮಚ ಉಪ್ಪು ಸವರಿ 15 ನಿಮಿಷ ಬಿಟ್ಟು, ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು. ತೇವ ಉಳಿದರೆ ಎಣ್ಣೆ ಸಿಡಿಯುತ್ತದೆ, ತೊಗಲು ಬಾಣಲೆಗೆ ಹಿಡಿಯುತ್ತದೆ. ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ, ಹಳದಿ ಬಣ್ಣ ತಿಳಿಯಾಗಿ ತೆಳ್ಳಗೆ ಹೊಗೆ ಕಾಣುವವರೆಗೆ ಕಾಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಶೇಂಗಾ ಎಣ್ಣೆಯ ಅಂದಾಜಿನಲ್ಲಿ, ಬಿಸಿಯಾದ ಕೂಡಲೇ ಮೀನು ಹಾಕಿಬಿಡುತ್ತಾರೆ. ಹಸಿ ಘಾಟು ಸಾರಿನಲ್ಲಿ ಹಾಗೇ ಉಳಿಯುತ್ತದೆ. ಹೊಗೆ ಕಂಡ ಮೇಲೆ ಉರಿ ತಗ್ಗಿಸಿ, ಅರ್ಧ ನಿಮಿಷ ಬಿಟ್ಟು ಮೀನು ಹಾಕಿ, ಎರಡೂ ಬದಿ ಕೆಂಪಗಾಗುವಂತೆ ಕರಿದು ತೆಗೆದಿಡಬೇಕು.

ಕಹಿಗೆ ಕಾರಣ ಅರೆಯುವುದರಲ್ಲಿದೆ. ಎರಡು ದೊಡ್ಡ ಚಮಚ ಹಳದಿ ಸಾಸಿವೆ, ಒಂದು ದೊಡ್ಡ ಚಮಚ ಕರಿ ಸಾಸಿವೆ ಅರ್ಧ ಗಂಟೆ ನೆನೆದಿರಬೇಕು. ನಮ್ಮ ಒಗ್ಗರಣೆಯ ಕರಿ ಸಾಸಿವೆ ಮಾತ್ರ ಇದ್ದರೆ ಒಟ್ಟು ಎರಡೇ ಚಮಚ ಸಾಕು, ಜೊತೆಗೆ ಒಂದು ಚಮಚ ನೆನೆಸಿದ ಗಸಗಸೆ. ಎರಡು ಹಸಿಮೆಣಸಿನಕಾಯಿ, ಚಿಟಿಕೆ ಉಪ್ಪು ಸೇರಿಸಿ, ತಣ್ಣೀರು ಚಿಮುಕಿಸುತ್ತಾ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಅರೆಯಬೇಕು. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯೇರಿ ಅರೆದದ್ದು ಕಹಿಯಾಗುತ್ತದೆ. ಒಂದು ಲೋಟ ನೀರಿನಲ್ಲಿ ಕದಡಿ ಸೋಸಿದರೆ ಸಿಪ್ಪೆಯೊಂದಿಗೆ ಉಳಿದ ಕಹಿಯೂ ಬಹುಪಾಲು ಹೋಗುತ್ತದೆ.

ಅದೇ ಎಣ್ಣೆಗೆ ಕಾಲು ಚಮಚ ಕಲೋಂಜಿ, ಸೀಳಿದ ಎರಡು ಹಸಿಮೆಣಸಿನಕಾಯಿ. ಕಿರಾಣಿ ಅಂಗಡಿಯಲ್ಲಿ ಕಲೋಂಜಿ ಎಂದೇ ಕೇಳಿ, ಕರಿಜೀರಿಗೆ ಎಂದರೆ ಕೆಲವರು ಶಾಹಿಜೀರಾ ಕಟ್ಟಿ ಕೊಡುತ್ತಾರೆ. ಉರಿ ಸಣ್ಣ ಮಾಡಿ ಸೋಸಿದ ಸಾಸಿವೆ ನೀರು, ಚಿಟಿಕೆ ಅರಿಶಿನ, ಉಪ್ಪು ಹಾಕಿ, ಕುದಿ ಹತ್ತುವ ಮೊದಲೇ ಮೀನು ಬಿಟ್ಟು ಮುಚ್ಚಿ ಆರೇಳು ನಿಮಿಷ ಇಡಬೇಕು. ನಮ್ಮ ಮಸಾಲೆಯಂತೆ ಇದನ್ನು ಎಣ್ಣೆ ಬಿಡುವವರೆಗೆ ಹುರಿಯಬಾರದು, ಕೊತಕೊತ ಕುದಿಸಲೂಬಾರದು. ಎರಡರಿಂದಲೂ ಕಹಿ ಮರಳುತ್ತದೆ. ಇಳಿಸುವಾಗ ಮೇಲೆ ಒಂದು ಚಮಚ ಹಸಿ ಸಾಸಿವೆ ಎಣ್ಣೆ ಬಿಡುವುದು ಅವರ ಪದ್ಧತಿ. ಹೊಸಬರು ಮೊದಲ ಸಲ ಅದನ್ನು ಹಾಕದಿದ್ದರೂ ನಡೆದೀತು.

ಇದು ರೊಟ್ಟಿಗೆ ಹೊಂದುವ ಸಾರಲ್ಲ, ಬಿಸಿ ಅನ್ನದ್ದು. ನಮ್ಮ ಸೋನಾ ಮಸೂರಿಯೇ ಸಾಕು, ಅಗುಳು ಬಿಡಿಬಿಡಿಯಾಗಿರಲಿ. ಬಂಗಾಳಿ ಊಟದಲ್ಲಿ ಎಲ್ಲವನ್ನೂ ಒಮ್ಮೆಗೇ ಕಲಸುವುದಿಲ್ಲ: ಮೊದಲು ಹಾಗಲಕಾಯಿಯಂಥ ಕಹಿ, ಆಮೇಲೆ ಬೇಳೆ, ಪಲ್ಯ, ಆಮೇಲೆ ಮೀನು, ಕೊನೆಗೆ ಸಿಹಿ-ಹುಳಿ ಚಟ್ನಿ. ಒಂದೊಂದಕ್ಕೂ ಒಂದಿಷ್ಟು ಅನ್ನ. ಎಲ್ಲ ಬೆರೆಸಿ ಉಂಡವರಿಗೆ ಸಾಸಿವೆಯ ಖಾರ ಬಿಟ್ಟರೆ ಬೇರೇನೂ ನಾಲಿಗೆಗೆ ಹತ್ತುವುದಿಲ್ಲ.

ರೋಹು ಬೆನ್ನಿನ ತುಂಡಿನಲ್ಲಿ ಕವಲೊಡೆದ ಸಣ್ಣ ಮುಳ್ಳುಗಳು ಬಹಳ. ಮೊದಲ ಸಲ ಉಣ್ಣುವವರಿಗೆ, ಮಕ್ಕಳಿಗೆ, ಹೊಟ್ಟೆಯ ಕಡೆಯ ತುಂಡೇ ಕೊಡಬೇಕು. ಅಲ್ಲಿನ ಮುಳ್ಳು ದೊಡ್ಡವು, ಬೆರಳಿಗೆ ಸಿಗುತ್ತವೆ. ಗಂಟಲಿಗೆ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವ ರೂಢಿ ನಮ್ಮಲ್ಲಿದೆ. ಅದರಿಂದ ಮುಳ್ಳು ಇನ್ನಷ್ಟು ಆಳಕ್ಕೆ ಚುಚ್ಚಬಹುದು, ವೈದ್ಯರ ಬಳಿ ಹೋಗುವುದೇ ಸರಿ.

ತಮ್ಮಲ್ಲಿ ಒಂದೇ ಕೋರಿಕೆ. ಇಂಥ ಅಡುಗೆ ಪ್ರಕಟಿಸುವಾಗ ಮೂಲ ಎಣ್ಣೆ, ಮೂಲ ಮಸಾಲೆಯನ್ನೇ ಮೊದಲು ಬರೆಯಿಸಿ. ಬದಲಿ ಕೊಟ್ಟರೆ ಅದು ಬದಲಿ ಎಂದು ಒಂದು ಸಾಲು ಹಾಕಿಸಿ.

– ಅಡುಗೆ ಕೆಲಸದವರು, ಸಿಂಧನೂರು, ರಾಯಚೂರು ಜಿಲ್ಲೆ